ಸಸ್ಯ ಈಸ್ಟ್ರೊಜೆನ್‌ಗಳೂ ಸ್ತ್ರೀಪುರುಷರ ಹೃದಯವೂ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಶಾಗ್ಯವು ಒಣಬೇಸಾಯದ ಸೀಮೆಯ ಗ್ರಾಮ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಪ್ರದೇಶವೆಲ್ಲವೂ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೂ, 1997ರಲ್ಲಿ ಹೊಸದಾಗಿ ರಚಿತವಾದ ಚಾಮರಾಜನಗರ ಜಿಲ್ಲೆಗೂ ಸೇರಿತು. ಈಚೆಗೆ ಹನೂರೇ ಬೇರೆ ತಾಲ್ಲೂಕಾಯಿತು. ಆಡಳಿತದ ಗಡಿಗಳು ಇಷ್ಟು ಸಲ ಬದಲಾದರೂ, ಮುಸುಕಿನ ಜೋಳವು ಹೊಲಗಳನ್ನು ಆಕ್ರಮಿಸಿಕೊಂಡರೂ, ಈ ಕಡೆಯ ಊಟದ ಮೂಲದ್ರವ್ಯಗಳು ಇಂದಿಗೂ ರಾಗಿ, ಹುರುಳಿ, ಅವರೆ, ಅಲಸಂದೆ, ಎಳ್ಳು ಇವೇ ಆಗಿವೆ. ಮುದ್ದೆಗೆ ಹುರುಳಿಕಟ್ಟಿನ ಸಾರು, ಮೊಳಕೆ ಕಾಳಿನ ಸಾರು, ಮಾಗಿಯಲ್ಲಿ ಅವರೆ—ಇದು ಇಲ್ಲಿನ ಗಂಡಸರೂ ಹೆಂಗಸರೂ ಒಂದೇ ಮಡಕೆಯಿಂದ ಬಡಿಸಿಕೊಂಡು ಉಣ್ಣುವ ಆಹಾರ.

ಇದೇ ಸೀಮೆಯ ಪೇಟೆಗಳ ಅಂಗಡಿಗಳಲ್ಲಿ ಈಗ ಸೋಯಾ ಪುಡಿ, ಅಗಸೆ ಬೀಜದ ಪೊಟ್ಟಣ, ಬಗೆಬಗೆಯ ಗುಳಿಗೆಗಳು ದೊರೆಯುತ್ತವೆ. ಇವುಗಳ ಮಾರಾಟದ ಹಿಂದೆ ಒಂದು ತರ್ಕವುಂಟು. ಹೆಣ್ಣಿನ ದೇಹದಲ್ಲಿ ಈಸ್ಟ್ರೊಜೆನ್ ಎಂಬ ಚೋದಕರಸವು ಹೃದಯವನ್ನು ಕಾಪಾಡುತ್ತದೆ. ಕೆಲವು ಸಸ್ಯಗಳಲ್ಲಿ ಈಸ್ಟ್ರೊಜೆನ್ನನ್ನು ಹೋಲುವ ವಸ್ತುಗಳಿವೆ. ಆದುದರಿಂದ ಆ ಸಸ್ಯಗಳನ್ನು ತಿಂದರೆ ಹೃದಯಕ್ಕೆ ರಕ್ಷೆ ದೊರೆಯುತ್ತದೆ. ಮೇಲ್ನೋಟಕ್ಕೆ ನಿರ್ದುಷ್ಟವಾಗಿ ಕಾಣುವ ಈ ತರ್ಕದ ಪ್ರತಿಯೊಂದು ಮೆಟ್ಟಿಲೂ ಕಳೆದ ಐವತ್ತು ವರ್ಷಗಳಲ್ಲಿ ಪರೀಕ್ಷೆಗೆ ಒಳಗಾಗಿದೆ. ಆ ಪರೀಕ್ಷೆಗಳಲ್ಲಿ ಹೊರಬಿದ್ದ ಸಂಗತಿಗಳನ್ನು ವಾಚಕರ ಮುಂದಿಟ್ಟು, ನಮ್ಮ ಒಣಭೂಮಿಯ ಆಹಾರಕ್ಕೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆಂದು ವಿವೇಚಿಸುವುದು ಈ ಲೇಖನದ ಉದ್ದೇಶ.

ಹೃದ್ರೋಗದಲ್ಲಿ ಲಿಂಗಭೇದ

ಹೃದಯಾಘಾತವು ಗಂಡಸರಿಗೆ ಬೇಗ, ಹೆಂಗಸರಿಗೆ ತಡವಾಗಿ ಸಂಭವಿಸುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಲೆಕ್ಕದಲ್ಲಿ, ಮೊದಲ ಹೃದಯಾಘಾತವು ಸ್ತ್ರೀಯರಿಗೆ ಪುರುಷರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಬರುತ್ತದೆ. ಅದೇ ಅಧ್ಯಯನವು ದಕ್ಷಿಣ ಏಷ್ಯದವರ ವಿಷಯದಲ್ಲಿ ಇನ್ನೊಂದು ಕಹಿಸತ್ಯವನ್ನು ಹೊರಗೆಡಹಿತು: ಉಳಿದ ದೇಶಗಳಲ್ಲಿ ಮೊದಲ ಆಘಾತದ ಸರಾಸರಿ ವಯಸ್ಸು ಸುಮಾರು 59 ಆಗಿದ್ದರೆ, ನಮ್ಮಲ್ಲಿ ಅದು 53. ಎಂದರೆ ನಮ್ಮ ಹೆಂಗಸರಿಗೆ ಇರುವ 'ತಡ'ವೂ ಮುಂಚಿತವಾಗಿಯೇ ತೀರಿಹೋಗುತ್ತದೆ. ತಡವೆಂದರೆ ವಿನಾಯಿತಿಯಲ್ಲ, ಜಗತ್ತಿನಲ್ಲಿ ಸ್ತ್ರೀಯರ ಮರಣಕಾರಣಗಳಲ್ಲಿಯೂ ಹೃದಯ ಮತ್ತು ರಕ್ತನಾಳಗಳ ರೋಗಗಳೇ ಮೊದಲನೆಯ ಸ್ಥಾನದಲ್ಲಿವೆ.

ಈ ಅಂತರಕ್ಕೆ ಈಸ್ಟ್ರೊಜೆನ್ನೇ ಕಾರಣವೆಂಬ ಊಹೆ ಹುಟ್ಟಿದ್ದು ಸಹಜವಾಗಿಯೇ ಇದೆ. 1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿಯೂ ಜರ್ಮನಿಯ ಅಡಾಲ್ಫ್ ಬುಟೆನಾಂಟನೂ ಬೇರೆಬೇರೆಯಾಗಿ ಈಸ್ಟ್ರೋನನ್ನು ಶುದ್ಧರೂಪದಲ್ಲಿ ಪಡೆದ ಮೇಲೆ ಈ ವರ್ಗದ ರಸಗಳ ಅಭ್ಯಾಸವು ವೇಗವಾಗಿ ಬೆಳೆಯಿತು. ಈಸ್ಟ್ರೊಜೆನ್ ಇರುವಾಗ ಯಕೃತ್ತು ರಕ್ತದಿಂದ ಕಡಮೆ ಸಾಂದ್ರತೆಯ ಕೊಲೆಸ್ಟರಾಲನ್ನು ಹೆಚ್ಚು ಹೀರಿಕೊಳ್ಳುತ್ತದೆ. ಹೆಚ್ಚು ಸಾಂದ್ರತೆಯ, ಅಂದರೆ ಹಿತಕರವೆಂದು ಎಣಿಸಲ್ಪಟ್ಟ ಕೊಲೆಸ್ಟರಾಲು ಏರುತ್ತದೆ. ಧಮನಿಯ ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲಗೊಳಿಸುತ್ತವೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ 5209 ಮಂದಿಯನ್ನು ಸೇರಿಸಿಕೊಂಡು ಆರಂಭವಾದ ಸುಪ್ರಸಿದ್ಧ ಅಧ್ಯಯನದಲ್ಲಿ, ಒಂದೇ ವಯೋಮಾನದ ಸ್ತ್ರೀಯರನ್ನು ಹೋಲಿಸಿದಾಗ ಮುಟ್ಟು ನಿಂತವರಲ್ಲಿಯೇ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ಇಷ್ಟು ಸಾಕ್ಷ್ಯ ದೊರೆತ ಮೇಲೆ ಔಷಧರೂಪದಲ್ಲಿ ಈಸ್ಟ್ರೊಜೆನ್ ಕೊಟ್ಟು ನೋಡಬೇಕೆಂಬ ಆಸೆ ಯಾರಿಗೆ ಹುಟ್ಟದು!

ಮೊದಲು ಕೊಟ್ಟದ್ದು ಗಂಡಸರಿಗೆ. 1960ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಆರಂಭವಾದ 'ಕೊರೊನರಿ ಡ್ರಗ್ ಪ್ರಾಜೆಕ್ಟ್' ಎಂಬ ಪ್ರಯೋಗದಲ್ಲಿ, ಆಗಲೇ ಒಮ್ಮೆ ಹೃದಯಾಘಾತಕ್ಕೆ ಗುರಿಯಾಗಿದ್ದ 8341 ಪುರುಷರನ್ನು ಹಲವು ಗುಂಪುಗಳಾಗಿ ವಿಂಗಡಿಸಿ, ಎರಡು ಗುಂಪುಗಳಿಗೆ ಈಸ್ಟ್ರೊಜೆನ್ ಕೊಡಲಾಯಿತು. ದಿನಕ್ಕೆ 5 ಮಿಲಿಗ್ರಾಮ್ ಪಡೆದವರಲ್ಲಿ ಹೃದಯಾಘಾತವೂ ರಕ್ತ ಹೆಪ್ಪುಗಟ್ಟುವಿಕೆಯೂ ಹೆಚ್ಚಿದ್ದರಿಂದ ಆ ಗುಂಪಿನ ಚಿಕಿತ್ಸೆಯನ್ನು 1970ರಲ್ಲಿ ನಿಲ್ಲಿಸಬೇಕಾಯಿತು, 2.5 ಮಿಲಿಗ್ರಾಮ್ ಪಡೆದವರಿಗೂ ಲಾಭ ಕಾಣದೆ 1973ರಲ್ಲಿ ಅದನ್ನೂ ಕೈಬಿಟ್ಟರು. ಹೆಂಗಸರಲ್ಲಿಯಾದರೂ ಫಲ ದೊರೆಯಬಹುದೆಂದು ನಂಬಿದ್ದವರಿಗೆ ಉತ್ತರ ದೊರೆತದ್ದು ಇನ್ನೂ ತಡವಾಗಿ. 1998ರ ಹರ್ಸ್ ಪ್ರಯೋಗದಲ್ಲಿ, ಹೃದ್ರೋಗವಿದ್ದ 2763 ಸ್ತ್ರೀಯರಿಗೆ ಹಾರ್ಮೋನುಗಳಿಂದ ಒಟ್ಟಿನಲ್ಲಿ ಯಾವ ರಕ್ಷೆಯೂ ದೊರೆಯಲಿಲ್ಲ. 2002ರಲ್ಲಿ, 16,608 ಆರೋಗ್ಯವಂತ ಸ್ತ್ರೀಯರ ಮೇಲೆ ನಡೆಯುತ್ತಿದ್ದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಪ್ರಯೋಗದ ಒಂದು ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಸ್ತನದ ಅರ್ಬುದವೂ ಪಾರ್ಶ್ವವಾಯುವೂ ಹೆಚ್ಚಿದ್ದಲ್ಲದೆ, ಹತ್ತು ಸಾವಿರ ಸ್ತ್ರೀಯರಲ್ಲಿ ವರ್ಷಕ್ಕೆ 30 ಇರಬೇಕಾದ ಹೃದ್ರೋಗದ ಪ್ರಸಂಗಗಳು 37ಕ್ಕೆ ಏರಿದ್ದುವು.

ಇದರಿಂದ ಈಸ್ಟ್ರೊಜೆನ್ನಿಗೆ ರಕ್ಷಣಗುಣವೇ ಇಲ್ಲವೆಂದು ತೀರ್ಮಾನಿಸುವುದು ಆತುರವಾದೀತು. ಆ ಪ್ರಯೋಗದ ಸ್ತ್ರೀಯರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಕಳೆದವರೇ ಅವರಲ್ಲಿ ಬಹುಮಂದಿ. ಆ ವೇಳೆಗೆ ಧಮನಿಗಳಲ್ಲಿ ಕಲ್ಮಷವು ಬೇರೂರಿಬಿಟ್ಟಿರುತ್ತದೆ. ಸ್ವಸ್ಥವಾದ ನಾಳದ ಗೋಡೆಗೆ ಹಿತವಾದ ರಸವೇ ರೋಗಿಷ್ಠವಾದ ಗೋಡೆಯಲ್ಲಿ ಹೆಪ್ಪನ್ನು ಪ್ರಚೋದಿಸಬಲ್ಲದು. 'ಕಾಲವಾದ'ವೆಂದು ಕರೆಯಬಹುದಾದ ಈ ಅಭಿಪ್ರಾಯಕ್ಕೆ 2016ರ ಎಲೈಟ್ ಪ್ರಯೋಗವು ಒಂದಿಷ್ಟು ಬೆಂಬಲ ಕೊಟ್ಟಿತು: ಋತುಬಂಧವಾದ ಆರು ವರ್ಷಗಳೊಳಗೆ ಎಸ್ಟ್ರಾಡಿಯೋಲ್ ತೆಗೆದುಕೊಂಡವರಲ್ಲಿ ಕತ್ತಿನ ಧಮನಿಯ ಗೋಡೆ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷ ಮೀರಿದವರಲ್ಲಿ ಆಗಲಿಲ್ಲ.

ಇಲ್ಲಿ ಗಂಡಸರ ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯುವಂತಿಲ್ಲ. ಈಸ್ಟ್ರೊಜೆನ್ನನ್ನು 'ಸ್ತ್ರೀ ಹಾರ್ಮೋನು' ಎನ್ನುವ ರೂಢಿ ದಾರಿತಪ್ಪಿಸುವಂಥದು. ಪುರುಷನ ದೇಹವೂ ಟೆಸ್ಟೋಸ್ಟೆರೋನಿನಿಂದ ಈಸ್ಟ್ರೊಜೆನ್ನನ್ನು ತಯಾರಿಸಿಕೊಳ್ಳುತ್ತದೆ. ಅರುವತ್ತು ದಾಟಿದ ಗಂಡಸಿನ ರಕ್ತದಲ್ಲಿ ಅವನ ಹೆಂಡತಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚು ಎಸ್ಟ್ರಾಡಿಯೋಲ್ ಇರುವುದೇ ಸಾಮಾನ್ಯ. 1994ರಲ್ಲಿ ವರ್ಣಿತನಾದ ಒಬ್ಬ ಅಮೆರಿಕನ್ ತರುಣನಲ್ಲಿ ಈಸ್ಟ್ರೊಜೆನ್ನಿಗೆ ಸ್ಪಂದಿಸುವ ಗ್ರಾಹಕವೇ ಹುಟ್ಟಿನಿಂದ ನಿಷ್ಕ್ರಿಯವಾಗಿತ್ತು. ಮೂವತ್ತರ ಆಸುಪಾಸಿನಲ್ಲಿಯೇ ಅವನ ಹೃದಯದ ಧಮನಿಗಳಲ್ಲಿ ಸುಣ್ಣ ಕಟ್ಟಲಾರಂಭಿಸಿದ್ದುದು ಆಮೇಲೆ ಕಂಡುಬಂದಿತು. ಗಂಡಸಿನ ನಾಳಗಳಿಗೂ ಈ ರಸವು ಬೇಕು. ಎಷ್ಟು ಬೇಕು, ಯಾವ ಹದದಲ್ಲಿ ಬೇಕು ಎನ್ನುವಲ್ಲಿ ಮಾತ್ರ ಭೇದ.

ಕುರಿಗಳಿಂದ ಕಲಿತ ಪಾಠ

ಸಸ್ಯಗಳಲ್ಲಿ ಈಸ್ಟ್ರೊಜೆನ್‌ಸದೃಶ ವಸ್ತುಗಳಿವೆಯೆಂಬುದು ಜಗತ್ತಿನ ಗಮನಕ್ಕೆ ಬಂದದ್ದು ಕುರಿಗಳ ದೆಸೆಯಿಂದ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಹುಲ್ಲುಗಾವಲುಗಳಲ್ಲಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಯಥೇಚ್ಛವಾಗಿ ಮೇಯ್ದ ಕುರಿಗಳು ಗಬ್ಬ ಕಟ್ಟದೆ ಹೋದುವು. 1946ರಲ್ಲಿ ಬೆನೆಟ್ಸ್, ಅಂಡರ್‌ವುಡ್ ಮತ್ತು ಶಿಯರ್ ಎಂಬವರು ಈ ವ್ಯಾಧಿಯನ್ನು ವಿವರಿಸಿದರು. ಮೇವಿನಲ್ಲಿದ್ದ ಫಾರ್ಮೊನೊನೆಟಿನ್ ಎಂಬ ಐಸೊಫ್ಲೇವೋನು ಕುರಿಯ ಮೆಲುಕುಚೀಲದ ಸೂಕ್ಷ್ಮಜೀವಿಗಳಿಂದ ಮಾರ್ಪಟ್ಟು, ಈಕ್ವಾಲ್ ಎಂಬ ಹೆಚ್ಚು ಪ್ರಬಲವಾದ ವಸ್ತುವಾಗುತ್ತದೆಂಬುದು ಆಮೇಲೆ ಸಿದ್ಧವಾಯಿತು. ಈಕ್ವಾಲು ರಸಾಯನಶಾಸ್ತ್ರಜ್ಞರಿಗೆ ಅಪರಿಚಿತವಾಗಿರಲಿಲ್ಲ. 1932ರಲ್ಲಿಯೇ ಗಬ್ಬವಾದ ಕುದುರೆಯ ಮೂತ್ರದಿಂದ ಅದನ್ನು ಬೇರ್ಪಡಿಸಿ, ಕುದುರೆಯ ಲ್ಯಾಟಿನ್ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮೇಲೆ ಹೇಳಿದ ಅಮೆರಿಕದ ಪ್ರಯೋಗಗಳಲ್ಲಿ ಉಪಯೋಗಿಸಿದ ಈಸ್ಟ್ರೊಜೆನ್ ಗುಳಿಗೆಗಳೂ ಅದೇ ಮೂಲದಿಂದಲೇ ತಯಾರಾದವು. ಆದರೆ ಗುಳಿಗೆಯ ಸಾರವು ಕುದುರೆಯ ಸ್ವಂತ ರಸ. ಈಕ್ವಾಲಾದರೋ ಅದು ತಿಂದ ಮೇವಿನ ಉತ್ಪನ್ನ.

ಇದಕ್ಕೆ ನಮ್ಮ ದೇಶದ ಕೊಂಡಿಯೂ ಒಂದುಂಟು. ಆಸ್ಟ್ರೇಲಿಯದ ವರದಿಗಿಂತ ಒಂದು ವರ್ಷ ಮೊದಲೇ, 1945ರಲ್ಲಿ, ಬೋಸ್ ಮತ್ತು ಸಿದ್ದೀಕಿ ಎಂಬ ಭಾರತೀಯ ರಸಾಯನಜ್ಞರು ಮೊಳಕೆಯೊಡೆದ ಕಡಲೆಯಿಂದ ಕೆಲವು ಸ್ಫಟಿಕರೂಪದ ವಸ್ತುಗಳನ್ನು ಬೇರ್ಪಡಿಸಿ ಅವಕ್ಕೆ 'ಬಯೊಚಾನಿನ್' ಎಂದು ಹೆಸರಿಟ್ಟರು. ಹಿಂದಿಯ 'ಚನಾ' ಆ ಹೆಸರಿನೊಳಗೆ ಅಡಗಿರುವುದನ್ನು ವಾಚಕರು ಗಮನಿಸಬಹುದು. ಅವುಗಳಲ್ಲಿ ಬಯೊಚಾನಿನ್ ಬಿ ಎಂಬುದು ಬೇರೆ ಯಾವುದೂ ಅಲ್ಲ, ಆಸ್ಟ್ರೇಲಿಯದ ಕುರಿಗಳನ್ನು ಬಂಜೆಯಾಗಿಸಿದ ಅದೇ ಫಾರ್ಮೊನೊನೆಟಿನ್! ಹಾಗೆಂದು ಮೊಳಕೆ ಕಡಲೆಯ ಉಸಲಿಗೆ ಹೆದರಬೇಕಾದದ್ದಿಲ್ಲ. ಕುರಿಯು ದಿನವಿಡೀ ಅದೊಂದನ್ನೇ ಮೇಯ್ದು ಗ್ರಾಮುಗಟ್ಟಲೆ ನುಂಗುತ್ತದೆ; ನಾವು ತಿನ್ನುವ ಕಡಲೆಯಲ್ಲಿ ಅದು ಮಿಲಿಗ್ರಾಮುಗಳ ಲೆಕ್ಕದ್ದು.

ರಾಸಾಯನಿಕವಾಗಿ ಈ ವಸ್ತುಗಳು ಸ್ಟಿರಾಯ್ಡುಗಳಲ್ಲ. ಆದರೂ ಅವುಗಳ ಅಣುವಿನ ಎರಡು ತುದಿಗಳಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳ ನಡುವಣ ದೂರವು ಎಸ್ಟ್ರಾಡಿಯೋಲಿನಲ್ಲಿರುವ ದೂರಕ್ಕೆ ಬಹುಮಟ್ಟಿಗೆ ಸಮಾನ. ಬೀಗಕ್ಕೆ ಬೇಕಾದದ್ದು ಕೀಲಿಕೈಯ ಹಲ್ಲುಗಳೇ ಹೊರತು ಹಿಡಿಯ ಆಕಾರವಲ್ಲವಷ್ಟೆ. ಬೀಗವೂ ಒಂದೇ ಅಲ್ಲ. ಎಲ್‌ವುಡ್ ಜೆನ್ಸನ್ ಎಂಬ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ಕಂಡುಹಿಡಿದ ಗ್ರಾಹಕವು ಈಗ 'ಆಲ್ಫಾ' ಎನಿಸಿಕೊಂಡಿದೆ; 1996ರಲ್ಲಿ ಸ್ವೀಡನ್ನಿನಲ್ಲಿ ಕೈಪರ್, ಗುಸ್ತಾಫ್‌ಸನ್ ಮೊದಲಾದವರು 'ಬೀಟಾ' ಎಂಬ ಎರಡನೆಯದನ್ನು ಕಂಡುಹಿಡಿದರು. ಗರ್ಭಕೋಶ ಮತ್ತು ಯಕೃತ್ತಿನಲ್ಲಿ ಆಲ್ಫಾ ಪ್ರಧಾನ; ರಕ್ತನಾಳಗಳ ಗೋಡೆಯಲ್ಲಿ ಬೀಟಾಕ್ಕೂ ಗಣ್ಯವಾದ ಸ್ಥಾನವುಂಟು. ಸೋಯಾದ ಜೆನಿಸ್ಟೀನ್ ಎಂಬ ಐಸೊಫ್ಲೇವೋನು ಆಲ್ಫಾಕ್ಕಿಂತ ಬೀಟಾಕ್ಕೆ ಅನೇಕ ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದರ ಶಕ್ತಿ ಎಸ್ಟ್ರಾಡಿಯೋಲಿನ ಮುಂದೆ ಅತ್ಯಲ್ಪವಾದರೂ, ಸೋಯಾ ತಿನ್ನುವವರ ರಕ್ತದಲ್ಲಿ ಅದರ ಪ್ರಮಾಣ ನೂರಾರು ಪಟ್ಟು ಹೆಚ್ಚಾಗಿರುವುದರಿಂದ ಪರಿಣಾಮವು ಶೂನ್ಯವಲ್ಲ. ಎಸ್ಟ್ರಾಡಿಯೋಲು ಹೇರಳವಾಗಿರುವ ತರುಣಿಯಲ್ಲಿ ಈ ದುರ್ಬಲವಸ್ತು ಬೀಗದಲ್ಲಿ ಸಿಕ್ಕಿಕೊಂಡು ಅಡ್ಡಿಯಾಗಬಹುದು. ಅದು ಬತ್ತಿದ ವೃದ್ಧೆಯಲ್ಲಿ ಅಲ್ಪಸ್ವಲ್ಪ ಬದಲಿಯಾಗಬಹುದು. ಒಂದೇ ವಸ್ತು ದೇಹದ ಸ್ಥಿತಿಯನ್ನನುಸರಿಸಿ ಎರಡು ಬಗೆಯಾಗಿ ವರ್ತಿಸುವುದೆಂಬ ಈ ಅಂಶವೇ ಪ್ರಸ್ತುತ ವಿಷಯದ ತಿರುಳು.

ಇನ್ನು ತಿಂದದ್ದೆಲ್ಲವೂ ತಿಂದ ರೂಪದಲ್ಲಿಯೇ ರಕ್ತವನ್ನು ಸೇರುವುದಿಲ್ಲ. ಮನುಷ್ಯನ ಕರುಳಿನ ಕೆಲವು ಸೂಕ್ಷ್ಮಜೀವಿಗಳು ಸೋಯಾದ ಡೈಡ್ಜೀನನ್ನು ಈಕ್ವಾಲಾಗಿ ಮಾರ್ಪಡಿಸುತ್ತವೆ. ಆದರೆ ಈ ಜೀವಿಗಳು ಎಲ್ಲರಲ್ಲಿಯೂ ಇಲ್ಲ: ಪಾಶ್ಚಾತ್ಯರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ, ಜಪಾನೀಯರಲ್ಲಿ ಅರ್ಧಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಮಾತ್ರ ಈ ಸಾಮರ್ಥ್ಯವಿದೆ. ಆದುದರಿಂದ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಆಹಾರವನ್ನು ಉಂಡ ಇಬ್ಬರು ವಸ್ತುತಃ ಬೇರೆಬೇರೆ ಔಷಧವನ್ನು ಸೇವಿಸಿದಂತಾಗಬಹುದು.

ನಮ್ಮ ಮಡಕೆಯಲ್ಲಿರುವುದು

ಒಣಗಿದ ಸೋಯಾ ಅವರೆಯ 100 ಗ್ರಾಮಿನಲ್ಲಿ 100ರಿಂದ 150 ಮಿಲಿಗ್ರಾಮಿನವರೆಗೆ ಐಸೊಫ್ಲೇವೋನುಗಳಿರುತ್ತವೆ. ಕರ್ನಾಟಕದಲ್ಲಿ ಸೋಯಾ ಬೆಳೆಯುವುದು ಮುಖ್ಯವಾಗಿ ಬೀದರ್, ಬೆಳಗಾವಿ, ಧಾರವಾಡದ ಕಡೆ. ಅಲ್ಲಿಯೂ ಬೆಳೆದದ್ದು ಬಹುಪಾಲು ಎಣ್ಣೆಯ ಗಿರಣಿಗೆ ಹೋಗುತ್ತದೆ. ದಕ್ಷಿಣದ ಅಡುಗೆಮನೆಗೆ ಸೋಯಾ ಬರುವುದು 'ಮೀಲ್ ಮೇಕರ್' ಎಂಬ ಉಂಡೆಗಳ ರೂಪದಲ್ಲಿ. ಹನೂರಿನ ಸೀಮೆಯ ಕಾಳುಗಳಲ್ಲಿಯಾದರೋ ಈ ವಸ್ತುಗಳ ಪ್ರಮಾಣ ಬಹಳ ಕಡಮೆ. ಕಡಲೆಯಲ್ಲಿಯೂ 100 ಗ್ರಾಮಿಗೆ ಕೆಲವೇ ಮಿಲಿಗ್ರಾಮುಗಳು. ಮೊಳಕೆ ಕಟ್ಟಿದಾಗ ಕಡಲೆಯಲ್ಲಿ ಇವು ಏರುತ್ತವೆ. ಸಸಿಗೆ ಇವು ಬೂಷ್ಟಿನ ಮೇಲಣ ರಕ್ಷಾದ್ರವ್ಯಗಳಾದ್ದರಿಂದ ಮೊಳಕೆಯ ಕಾಲದಲ್ಲಿಯೇ ಹೆಚ್ಚಾಗಿ ತಯಾರಾಗುವುದು ಆಶ್ಚರ್ಯವಲ್ಲ. ಸಕ್ಕರೆಯ ಅಣುವಿನೊಡನೆ ಬಂಧಿತವಾದ ಐಸೊಫ್ಲೇವೋನುಗಳು ಬೇಯಿಸಿದ ನೀರಿಗೆ ಭಾಗಶಃ ಇಳಿಯುತ್ತವೆ. ಕಾಳು ಬೇಯಿಸಿದ ಕಟ್ಟನ್ನು ಬಚ್ಚಲಿಗೆ ಚೆಲ್ಲದೆ ಸಾರು ಕಾಯಿಸುವ ನಮ್ಮವರ ಪದ್ಧತಿ ಈ ದೃಷ್ಟಿಯಿಂದಲೂ ಜಾಣತನದ್ದು.

ನಮ್ಮ ಆಹಾರದಲ್ಲಿ ಐಸೊಫ್ಲೇವೋನುಗಳಿಗಿಂತ ಹೆಚ್ಚು ಗಮನಾರ್ಹವಾದ ವರ್ಗವೆಂದರೆ ಲಿಗ್ನಾನುಗಳು. ಅಗಸೆಯಲ್ಲಿ ಇವು 100 ಗ್ರಾಮಿಗೆ ಸುಮಾರು 300 ಮಿಲಿಗ್ರಾಮ್. ಎಳ್ಳಿನಲ್ಲಿ ಸೆಸಮಿನ್ ಎಂಬ ವಿಶಿಷ್ಟ ಲಿಗ್ನಾನೊಂದೇ ನೂರಾರು ಮಿಲಿಗ್ರಾಮಿನಷ್ಟಿರುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಇವುಗಳಿಂದ ಎಂಟರೊಲ್ಯಾಕ್ಟೋನ್ ಎಂಬ ದುರ್ಬಲ ಈಸ್ಟ್ರೊಜೆನ್ನನ್ನು ಉತ್ಪಾದಿಸುತ್ತವೆ. ಇಡಿಯ ಅಗಸೆ ಬೀಜವನ್ನು ಹಾಗೆಯೇ ನುಂಗಿದರೆ ಬಹುಪಾಲು ಸಿಪ್ಪೆಯೊಡನೆ ಹೊರಬೀಳುತ್ತದೆ. ಪುಡಿಮಾಡಿದಾಗ ಎಂಟರೊಲ್ಯಾಕ್ಟೋನಿನ ಉತ್ಪತ್ತಿ ಹೆಚ್ಚುತ್ತದೆಂದು ಪ್ರಯೋಗಗಳಿಂದ ಗೊತ್ತಾಗಿದೆ. ಉತ್ತರ ಕರ್ನಾಟಕದವರು ಅಗಸೆಯನ್ನು ಹುರಿದು ಕುಟ್ಟಿ ಚಟ್ನಿಪುಡಿ ಮಾಡುವುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಫಿನ್‌ಲೆಂಡಿನ ಇನ್ನೊಂದು ಅವಲೋಕನವೂ ಉಪಯುಕ್ತವಾದದ್ದು: ಪ್ರತಿಜೀವಕ ಔಷಧಗಳನ್ನು ತೆಗೆದುಕೊಂಡವರ ರಕ್ತದಲ್ಲಿ ಎಂಟರೊಲ್ಯಾಕ್ಟೋನ್ ತಿಂಗಳುಗಟ್ಟಲೆ ಇಳಿದಿರುತ್ತದೆ. ಸಣ್ಣಪುಟ್ಟ ಜ್ವರಕ್ಕೂ ಔಷಧದ ಅಂಗಡಿಯಲ್ಲಿ ಕೇಳಿ ಆ ಗುಳಿಗೆ ನುಂಗುವ ನಮ್ಮ ರೂಢಿಯನ್ನು ನೆನೆದರೆ, ಆಹಾರವೊಂದನ್ನೇ ಅಳೆದು ಏನನ್ನಾದರೂ ಹೇಳುವುದು ಕಷ್ಟವೆಂಬುದು ಸ್ಪಷ್ಟವಾಗುತ್ತದೆ.

ಪ್ರಾಸಂಗಿಕವಾಗಿ ಒಂದು ತಪ್ಪು ಗ್ರಹಿಕೆಯನ್ನು ಇಲ್ಲಿ ನಿವಾರಿಸಬೇಕು. ಮಲೆಮಹದೇಶ್ವರ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಸೋಲಿಗರು ಅಗೆದು ತರುವ ಕಾಡುಗೆಣಸುಗಳ ಕುಲಕ್ಕೆ ಸೇರಿದ ಕೆಲವು ಗೆಡ್ಡೆಗಳಲ್ಲಿ ಡಯೊಸ್ಜೆನಿನ್ ಇದೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಜ್ಞನು ಮೆಕ್ಸಿಕೋದ ಇಂಥ ಗೆಡ್ಡೆಯಿಂದ ಪ್ರೊಜೆಸ್ಟರೋನ್ ತಯಾರಿಸಿದ್ದು ನಿಜ. ಅದು ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಹಲವು ಮಜಲುಗಳಲ್ಲಿ ನಡೆಯುವ ಕ್ರಿಯೆ. ಮನುಷ್ಯನ ದೇಹಕ್ಕೆ ಆ ಮಾರ್ಪಾಟು ಸಾಧ್ಯವಿಲ್ಲ. ಗೆಣಸನ್ನು ಹಾರ್ಮೋನೆಂದು ಮಾರುವವರ ಮಾತಿಗೆ ಮರುಳಾಗಬಾರದು. ಗೆಣಸು ಗೆಣಸಾಗಿಯೇ ಒಳ್ಳೆಯ ಆಹಾರ.

ಕಾಳುಗಳು ಕೊಲೆಸ್ಟರಾಲನ್ನು ತಗ್ಗಿಸುತ್ತವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಹಳೆಯ ಸಾಕ್ಷ್ಯವಿದೆ. ಆಗ್ರಾದ ಮಾಥುರ್ ಮತ್ತು ಸಂಗಡಿಗರು ಜಿಡ್ಡಿನ ಆಹಾರ ಸೇವಿಸುತ್ತಿದ್ದವರಿಗೆ ಧಾನ್ಯದ ಬದಲು ಕಡಲೆ ಕೊಟ್ಟು, ರಕ್ತದ ಕೊಲೆಸ್ಟರಾಲು ಗಣನೀಯವಾಗಿ ಇಳಿದುದನ್ನು 1968ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳ ತರುವಾಯ ಅದೇ ಊರಿನ ಆರ್. ಡಿ. ಶರ್ಮ ಅವರು ಬಯೊಚಾನಿನ್ ಎ ಮತ್ತು ಫಾರ್ಮೊನೊನೆಟಿನ್ ಇಲಿಗಳಲ್ಲಿ ಇಂಥ ಪರಿಣಾಮವುಂಟುಮಾಡುವುದನ್ನು ತೋರಿಸಿದರು. ಆದರೆ ಮನುಷ್ಯರಲ್ಲಿ ಕಂಡ ಇಳಿತವನ್ನೆಲ್ಲ ಸಸ್ಯ ಈಸ್ಟ್ರೊಜೆನ್ನಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಕಾಳಿನಲ್ಲಿ ನಾರಿದೆ, ಸಸ್ಯ ಪ್ರೋಟೀನಿದೆ. ಕಾಳು ತಿಂದವನು ಅಷ್ಟರಮಟ್ಟಿಗೆ ಬೇರೆ ಜಿಡ್ಡನ್ನು ಕಡಮೆ ತಿನ್ನುತ್ತಾನೆ.

ಮನುಷ್ಯರಲ್ಲಿ ದೊರೆತ ಸಾಕ್ಷ್ಯ

ಸೋಯಾದ ಕಥೆಯೇ ಇದಕ್ಕೆ ದೃಷ್ಟಾಂತ. 1995ರಲ್ಲಿ 38 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೋಯಾ ಪ್ರೋಟೀನಿನಿಂದ ಕೆಟ್ಟ ಕೊಲೆಸ್ಟರಾಲು ಶೇಕಡ 13ರಷ್ಟು ತಗ್ಗುವುದೆಂದು ಹೇಳಲಾಯಿತು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ದಿನಕ್ಕೆ 25 ಗ್ರಾಮ್ ಸೋಯಾ ಪ್ರೋಟೀನು ಹೃದಯಕ್ಕೆ ಹಿತವೆಂದು ಪೊಟ್ಟಣಗಳ ಮೇಲೆ ಅಚ್ಚು ಹಾಕಲು ಅನುಮತಿಯಿತ್ತಿತು. 2006ರಲ್ಲಿ ಅಮೆರಿಕದ ಹೃದಯ ಸಂಘವು ಹೊಸ ಪ್ರಯೋಗಗಳನ್ನು ಪರಿಶೀಲಿಸಿದಾಗ ಇಳಿತವು ಶೇಕಡ 3ರ ಸುಮಾರಿಗೆ ಬಂದು ನಿಂತಿತು. ಐಸೊಫ್ಲೇವೋನುಗಳನ್ನೇ ಪ್ರತ್ಯೇಕಿಸಿ ಕೊಟ್ಟಾಗ ಅಷ್ಟೂ ಕಾಣಲಿಲ್ಲ. 2017ರಲ್ಲಿ ಅನುಮತಿಯನ್ನು ಕೊಟ್ಟ ಆಡಳಿತವೇ ಅದನ್ನು ಹಿಂತೆಗೆದುಕೊಳ್ಳುವ ಪ್ರಸ್ತಾಪವನ್ನು ಮುಂದಿಟ್ಟಿತು.

ಆದರೂ ದೀರ್ಘಕಾಲದ ಅವಲೋಕನಗಳು ಬೇರೊಂದನ್ನು ಹೇಳುತ್ತವೆ. ನಮ್ಮ ವಿಷಯವಾದ ಲಿಂಗಭೇದವು ನಿಚ್ಚಳವಾಗಿ ಕಾಣುವುದು ಅಲ್ಲಿಯೇ. ಜಪಾನಿನಲ್ಲಿ 40ರಿಂದ 59 ವಯಸ್ಸಿನ 40,462 ಮಂದಿಯನ್ನು ಹತ್ತು ವರ್ಷಕ್ಕೂ ಮಿಕ್ಕಿ ಅನುಸರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಐದು ಸಲಕ್ಕಿಂತ ಹೆಚ್ಚಾಗಿ ಸೋಯಾ ತಿಂದ ಸ್ತ್ರೀಯರಲ್ಲಿ ಹೃದಯಾಘಾತದ ಸಂಭವವು ಅತಿ ವಿರಳವಾಗಿ ತಿಂದವರದಕ್ಕಿಂತ ಶೇಕಡ 45ರಷ್ಟು ಕಡಮೆಯಿತ್ತು. ಮುಟ್ಟು ನಿಂತವರಲ್ಲಿ ಈ ಸಂಬಂಧ ಹೆಚ್ಚು ಪ್ರಬಲ. ಅವರ ಜೊತೆಯಲ್ಲಿಯೇ ಉಂಡ ಪುರುಷರಲ್ಲಿ ಮಾತ್ರ ಗಣ್ಯವಾದ ವ್ಯತ್ಯಾಸವೇನೂ ಕಾಣಲಿಲ್ಲ. ಶಾಂಘೈ ನಗರದ ಸ್ತ್ರೀಪುರುಷರಲ್ಲಿ ಮೂತ್ರದ ಐಸೊಫ್ಲೇವೋನುಗಳನ್ನು ಅಳೆದು 2012ರಲ್ಲಿ ಪ್ರಕಟಿಸಿದ ವರದಿಯೂ ಇದಕ್ಕೆ ಸಮೀಪವಾಗಿದೆ: ಒಟ್ಟು ಐಸೊಫ್ಲೇವೋನಿಗೂ ಹೃದ್ರೋಗಕ್ಕೂ ಸಂಬಂಧ ಕಾಣಲಿಲ್ಲ, ಆದರೆ ಈಕ್ವಾಲು ಹೆಚ್ಚಾಗಿದ್ದ ಹೆಂಗಸರಲ್ಲಿ ರೋಗ ಕಡಮೆ. 2020ರ ಅಮೆರಿಕದ ವರದಿಯೊಂದರಲ್ಲಿ, ಎರಡು ಲಕ್ಷಕ್ಕೂ ಮಿಕ್ಕ ಆರೋಗ್ಯವೃತ್ತಿಯ ಸ್ತ್ರೀಪುರುಷರ ಪೈಕಿ, ವಾರಕ್ಕೊಮ್ಮೆಗಿಂತ ಹೆಚ್ಚಾಗಿ ತೋಫು ತಿಂದವರಲ್ಲಿ ಹೃದ್ರೋಗ ಶೇಕಡ 18ರಷ್ಟು ಕಡಮೆಯಾಗಿದ್ದು, ಈ ಲಾಭವು ಮುಖ್ಯವಾಗಿ ಮುಟ್ಟು ನಿಲ್ಲದ ತರುಣಿಯರಲ್ಲಿಯೂ, ಮುಟ್ಟು ನಿಂತು ಹಾರ್ಮೋನಿನ ಗುಳಿಗೆ ತೆಗೆದುಕೊಳ್ಳದವರಲ್ಲಿಯೂ ಕಂಡುಬಂದಿತು.

ಅವಲೋಕನಕ್ಕೂ ಪ್ರಯೋಗಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಮರೆಯಬಾರದು. ಸೋಯಾ ಹೆಚ್ಚಾಗಿ ತಿನ್ನುವವಳು ತಂಬಾಕು ಸೇದದವಳೂ ತರಕಾರಿ ಹೆಚ್ಚಾಗಿ ತಿನ್ನುವವಳೂ ಆಗಿರಬಹುದು. ಲೆಕ್ಕಾಚಾರದಿಂದ ಇವನ್ನು ಎಷ್ಟು ಸೋಸಿದರೂ ಪೂರ್ತಿಯಾಗಿ ಬೇರ್ಪಡಿಸಲಾಗದು. ಚೀಟಿ ಎತ್ತಿದಂತೆ ಗುಂಪು ವಿಂಗಡಿಸಿ ನಡೆಸಿದ ಪ್ರಯೋಗಗಳಲ್ಲಿ ಗಮನಾರ್ಹವಾದದ್ದು 2011ರಲ್ಲಿ ಪ್ರಕಟವಾದ 'ವಿಷ್' ಎಂಬುದು. ಮುಟ್ಟು ನಿಂತ 350 ಸ್ತ್ರೀಯರಿಗೆ ಸುಮಾರು ಮೂರು ವರ್ಷ ಕಾಲ ದಿನಕ್ಕೆ 25 ಗ್ರಾಮ್ ಸೋಯಾ ಪ್ರೋಟೀನನ್ನೋ ಹಾಲಿನ ಪ್ರೋಟೀನನ್ನೋ ಕೊಟ್ಟು ಕತ್ತಿನ ಧಮನಿಯ ದಪ್ಪವನ್ನು ಅಳೆದರು. ಒಟ್ಟಿನಲ್ಲಿ ಸೋಯಾ ಗುಂಪಿನ ಲಾಭ ಶೇಕಡ 16. ಆಕಸ್ಮಿಕವೆಂದು ತಳ್ಳಿಹಾಕಬಹುದಾದಷ್ಟು ಸಣ್ಣದು. ಆದರೆ ಮುಟ್ಟು ನಿಂತು ಐದು ವರ್ಷ ದಾಟದವರನ್ನೇ ಬೇರೆಯಾಗಿ ನೋಡಿದಾಗ ಅದು ಶೇಕಡ 68. ಇದು ಉಪಗುಂಪಿನ ಲೆಕ್ಕವಾದ್ದರಿಂದ ಪೂರ್ಣ ವಿಶ್ವಾಸಕ್ಕೆ ಅರ್ಹವಲ್ಲ. ಆದರೂ ಔಷಧದ ಈಸ್ಟ್ರೊಜೆನ್ನಿನ ವಿಷಯದಲ್ಲಿ ಹೇಳಿದ ಕಾಲವಾದವೇ ಇಲ್ಲಿಯೂ ತಲೆಯೆತ್ತುವುದನ್ನು ಕಾಣಬಹುದು.

ಹಾಗಾದರೆ ಗಂಡಸರಿಗೆ ಏನೂ ಇಲ್ಲವೆ? ಪೂರ್ವ ಫಿನ್‌ಲೆಂಡಿನ ಪುರುಷರಲ್ಲಿ ನಡೆದು 1999ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದಲ್ಲಿ ಎಂಟರೊಲ್ಯಾಕ್ಟೋನ್ ಅತ್ಯಧಿಕವಾಗಿದ್ದವರಿಗೆ ಹೃದಯಾಘಾತದ ಸಂಭವವು ಅತ್ಯಲ್ಪವಾಗಿದ್ದವರಿಗಿಂತ ಸುಮಾರು ಮೂರನೆಯ ಎರಡು ಪಾಲು ಕಡಮೆಯಿತ್ತು. ಆ ದೇಶದವರಿಗೆ ಲಿಗ್ನಾನು ದೊರೆಯುವುದು ಬಹುಮಟ್ಟಿಗೆ ತವುಡು ತೆಗೆಯದ ರೈ ಧಾನ್ಯದ ರೊಟ್ಟಿಯಿಂದ. ಆದ್ದರಿಂದ ಇದು ಲಿಗ್ನಾನಿನ ಗುಣವೋ ತವುಡಿನ ಗುಣವೋ ಎಂದು ಕೇಳುವುದು ಸಾಧುವೇ. ಏನೇ ಇರಲಿ, ಸಸ್ಯ ಈಸ್ಟ್ರೊಜೆನ್ನುಗಳು ಹೆಂಗಸರಿಗೆ ಮಾತ್ರ ಎಂಬ ಸರಳ ಸೂತ್ರ ಇಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಎಚ್ಚರಿಕೆಯೊಂದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಲೆಸ್ಲಿ ಲೈನ್‌ವಾಂಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದಿದೆ. ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವ ಆನುವಂಶಿಕ ರೋಗವನ್ನು ಇಲಿಮರಿಯಂಥ ಸಣ್ಣ ಮೂಷಿಕಗಳಲ್ಲಿ ಅವರು ಅಭ್ಯಸಿಸುತ್ತಿದ್ದರು. ಸೋಯಾ ಆಹಾರ ತಿಂದ ಗಂಡು ಮೂಷಿಕಗಳ ಹೃದಯ ಹಿಗ್ಗಿ ಸೋಲತೊಡಗಿತು. ಸೋಯಾದ ಬದಲು ಹಾಲಿನ ಕೇಸೀನ್ ಕೊಟ್ಟಾಗ ಆ ಅವನತಿ ತಪ್ಪಿತು. ಅದೇ ದೋಷವಿದ್ದ ಹೆಣ್ಣುಗಳಿಗೆ ಈ ಗತಿ ಬರಲಿಲ್ಲ. ಮೂಷಿಕಗಳ ಫಲಿತಾಂಶವನ್ನು ಮನುಷ್ಯನಿಗೆ ಹಾಗೆಯೇ ಎತ್ತಿ ಹಾಕಲಾಗದು. ಅವುಗಳ ದೇಹಭಾರಕ್ಕೆ ಹೋಲಿಸಿದರೆ ಅವು ತಿಂದ ಸೋಯಾದ ಪ್ರಮಾಣ ನಮ್ಮ ಊಟಕ್ಕಿಂತ ಎಷ್ಟೋ ಹೆಚ್ಚು, ರೋಗವೂ ಧಮನಿಯದಲ್ಲ, ಸ್ನಾಯುವಿನದು. ಪ್ರಯೋಗಶಾಲೆಗಳವರು ಕಲಿಯಬೇಕಾದ ಪಾಠ ಮಾತ್ರ ದೊಡ್ಡದು. ಪ್ರಯೋಗಪ್ರಾಣಿಗಳಿಗೆ ಹಾಕುವ ಸಿದ್ಧ ಆಹಾರದಲ್ಲಿ ಸೋಯಾ ಸಾಮಾನ್ಯವಾದ ಘಟಕ. ಗಂಡು ಹೆಣ್ಣುಗಳ ಭೇದವನ್ನು ಅಳೆಯಹೊರಟ ಎಷ್ಟು ಪ್ರಯೋಗಗಳಲ್ಲಿ ಬೋಗುಣಿಯ ಆಹಾರವೇ ಒಳಗಿಂದೊಳಗೆ ಉತ್ತರವನ್ನು ತಿದ್ದಿರಬಹುದೆಂಬುದು ಯೋಚಿಸತಕ್ಕ ವಿಷಯ.

ಇಷ್ಟನ್ನೂ ಹನೂರಿನ ಸೀಮೆಗೆ ತಂದು ನೋಡಿದರೆ ಏನಾಗುತ್ತದೆ? ಹುರುಳಿ ಅವರೆಗಳ ಊಟ ಹೃದಯಕ್ಕೆ ಹಿತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಹಿತದ ಬಹುಪಾಲು ನಾರಿನದೂ ಸಸ್ಯ ಪ್ರೋಟೀನಿನದೂ ಆಗಿರಬೇಕೇ ಹೊರತು, ಅವುಗಳಲ್ಲಿರುವ ಅತ್ಯಲ್ಪ ಈಸ್ಟ್ರೊಜೆನ್ನಿನದಲ್ಲವೆಂದು ನನ್ನ ಅಭಿಪ್ರಾಯ. ಸೋಯಾ ಗುಳಿಗೆಯನ್ನು ನಂಬಿ ರಕ್ತದೊತ್ತಡದ ಮಾತ್ರೆಯನ್ನು ಬಿಡುವ ಹೆಂಗಸಿಗೆ ಆಗುವುದು ಕೇಡೇ. ನಮ್ಮ ಸ್ತ್ರೀಯರಿಗೆ ಮುಟ್ಟು ನಿಲ್ಲುವುದು ಸರಾಸರಿ 46ರ ಆಸುಪಾಸಿನಲ್ಲಿ, ಪಾಶ್ಚಾತ್ಯರಿಗಿಂತ ನಾಲ್ಕೈದು ವರ್ಷ ಮುಂಚೆ. ಮೂವತ್ತರ ವಯಸ್ಸಿನಲ್ಲಿಯೇ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಈ ರಕ್ಷೆ ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಅಂಥವರಲ್ಲಿ ಹೃದ್ರೋಗ ಹೆಚ್ಚೆಂಬುದು ಅನೇಕ ಅಧ್ಯಯನಗಳಲ್ಲಿ ಸಿದ್ಧವಾಗಿದೆ. ಯಾವ ಕಾಳೂ ಆ ನಷ್ಟವನ್ನು ತುಂಬಿಕೊಡಲಾರದು.

ಹೆಂಗಸಿಗೆ ಹೃದಯಾಘಾತವಾಗದೆಂಬ ನಂಬಿಕೆ ಇನ್ನೊಂದು ಬಗೆಯಲ್ಲಿಯೂ ಪ್ರಾಣಾಂತಿಕ. ಎದೆನೋವು ಹೆಂಗಸರಲ್ಲಿಯೂ ಮುಖ್ಯ ಲಕ್ಷಣವೇ. ಆದರೆ ಅದರ ಜೊತೆಗೆ, ಕೆಲವು ವೇಳೆ ಅದಿಲ್ಲದೆಯೂ, ಏದುಸಿರು, ಓಕರಿಕೆ, ವಿಪರೀತ ಸುಸ್ತು, ದವಡೆ ಅಥವಾ ಬೆನ್ನಿನ ನೋವು ಗಂಡಸರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಮನೆಯವರು ಅದನ್ನು ಗ್ಯಾಸ್ಟ್ರಿಕ್ ಎಂದೋ ಪಿತ್ತವೆಂದೋ ತಿಳಿದು ಜೀರಿಗೆ ಕಷಾಯ ಕಾಯಿಸುತ್ತ ಕೂರುತ್ತಾರೆ. ಬೆಂಗಳೂರಿನ ಸಂತ ಯೋಹಾನರ ವೈದ್ಯಕೀಯ ಕಾಲೇಜಿನ ಡೆನಿಸ್ ಜೇವಿಯರ್ ಮತ್ತು ಸಂಗಡಿಗರು ಭಾರತದ 50 ನಗರಗಳ 89 ಆಸ್ಪತ್ರೆಗಳಿಂದ 20 ಸಾವಿರಕ್ಕೂ ಮೇಲ್ಪಟ್ಟ ರೋಗಿಗಳ ವಿವರ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೋವು ಕಾಣಿಸಿಕೊಂಡ ಮೇಲೆ ಆಸ್ಪತ್ರೆ ಸೇರಲು ಹಿಡಿದ ಮಧ್ಯಮ ಕಾಲ 360 ನಿಮಿಷ, ಎಂದರೆ ಆರು ಗಂಟೆ. ಇದು ನಗರಗಳ ಆಸ್ಪತ್ರೆಗಳ ಲೆಕ್ಕ. ಶಾಗ್ಯದಿಂದ ಹನೂರು, ಅಲ್ಲಿಂದ ಕೊಳ್ಳೇಗಾಲ, ಅಲ್ಲಿಂದ ಮೈಸೂರು ಎಂದು ಹೋಗಬೇಕಾದ ರೋಗಿಗೆ ಮೊದಲ ಗಂಟೆಯ ಬೆಲೆ ಇನ್ನೂ ಹೆಚ್ಚು. 2023ರಲ್ಲಿ ಕರ್ನಾಟಕ ಸರ್ಕಾರವು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ಘೋಷಿಸಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರಿಗೆ ಕಳುಹಿಸುವ ಮತ್ತು ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಟನ್ನು ಮಾಡಿದ್ದು ಈ ದೃಷ್ಟಿಯಿಂದ ಮುಖ್ಯವಾದದ್ದು. ಓಕರಿಕೆ ಸುಸ್ತುಗಳೆಂದು ಬಂದ ಐವತ್ತರ ಹೆಂಗಸಿಗೂ ಇಸಿಜಿ ತೆಗೆದರೆ ತಾನೆ ಅದರ ಪ್ರಯೋಜನ!

ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಮಾಡಬಹುದಾದ ಕೆಲಸವೂ ಈ ವಿಷಯದಲ್ಲಿ ಬೇಕಾದಷ್ಟಿದೆ. ಈ ಸೀಮೆಯ ಕರಿ ಹುರುಳಿ, ಕೆಂಪು ಹುರುಳಿ, ಅವರೆ, ಅಲಸಂದೆಗಳನ್ನು ನೆನೆಸಿ, ಮೊಳಕೆ ಕಟ್ಟಿ, 24, 48 ಮತ್ತು 72 ಗಂಟೆಗಳಲ್ಲಿ ಸಾರವನ್ನು ತೆಗೆದು ಐಸೊಫ್ಲೇವೋನುಗಳನ್ನು ಅಳೆಯುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನ ಒಂದು ವರ್ಷದ ಕೆಲಸ. ಬೆಂದ ಕಾಳನ್ನೂ ಬಸಿದ ಕಟ್ಟನ್ನೂ ಬೇರೆಬೇರೆಯಾಗಿ ಅಳೆಯತಕ್ಕದ್ದು. ಒಂದೇ ಮನೆಯ ಗಂಡ ಹೆಂಡಿರಿಬ್ಬರ ಮೂತ್ರದಲ್ಲಿ ಈಕ್ವಾಲ್ ಮತ್ತು ಎಂಟರೊಲ್ಯಾಕ್ಟೋನುಗಳನ್ನು, ಅವರ ಒಪ್ಪಿಗೆ ಪಡೆದು, ಸುಗ್ಗಿಯ ಅವರೆಯ ಕಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಪರೀಕ್ಷಿಸುವುದು ಅದರ ಮುಂದಿನ ಹೆಜ್ಜೆ. ಒಂದೇ ಮಡಕೆಯ ಸಾರನ್ನು ಉಂಡವರಾದ್ದರಿಂದ ಆಹಾರದ ವ್ಯತ್ಯಾಸವು ಅಲ್ಲಿ ಬಹುಮಟ್ಟಿಗೆ ತಾನಾಗಿಯೇ ಕಳೆದುಹೋಗಿ, ದೇಹದ ವ್ಯತ್ಯಾಸ ಉಳಿದುಕೊಳ್ಳುತ್ತದೆ.